ಬುತ್ತಿ ಮತ್ತು ನೀತಿಪಾಠ

ನಮ್ಮ ಸರಕಾರಿ ಶಾಲೆಗಳ ವರಾಂಡದಲ್ಲಿ ಒಂದು ಸಣ್ಣ ಕರಿಹಲಗೆ ಇರುವುದನ್ನು ನೀವು ನೋಡಿರಬಹುದು. ಅದರ ಮೇಲೆ ತಾರೀಖು, ಹಾಜರಾತಿಯ ಲೆಕ್ಕ, ಕೆಳಗೆ ದಿನಕ್ಕೊಂದು ನೀತಿವಾಕ್ಯ. ಈ ನೀತಿವಾಕ್ಯ ಬರೆಯುವ ಕೆಲಸ ಸಾಮಾನ್ಯವಾಗಿ ಕನ್ನಡ ಕಲಿಸುವವರ ಪಾಲಿಗೆ ಬರುತ್ತದೆ. ನನ್ನ ಪಾಲಿಗೂ ಬಂತು. ಮೂವತ್ತಕ್ಕೆ ಹತ್ತಿರವಾದ ನನ್ನ ನೌಕರಿಯ ವರ್ಷಗಳಲ್ಲಿ, ವರ್ಷಕ್ಕೆ ಇನ್ನೂರು ದಿನವೆಂದು ಹಿಡಿದರೂ, ಐದು ಸಾವಿರಕ್ಕಿಂತ ಹೆಚ್ಚು ನೀತಿವಾಕ್ಯಗಳನ್ನು ಬರೆದು ಅಳಿಸಿದ್ದೇನೆ. ಸತ್ಯವನ್ನೇ ನುಡಿಯಬೇಕು, ಕದಿಯಬಾರದು, ಇದ್ದುದರಲ್ಲಿ ತೃಪ್ತಿಪಡಬೇಕು, ತಾಳ್ಮೆ ಬೇಕು, ಮೈಮುರಿದು ದುಡಿಯಬೇಕು. ಸೀಮೆಸುಣ್ಣದ ಪುಡಿ ನನ್ನ ಬೆರಳಿಗೆ ಅಂಟಿದಷ್ಟಾದರೂ ಈ ಮಾತುಗಳು ಮಕ್ಕಳ ಮನಸ್ಸಿಗೆ ಅಂಟಿದವೆ ಎಂದು, ನಿವೃತ್ತಿಯ ದಿನ ಹತ್ತಿರವಾಗುತ್ತಿರುವ ಈ ಹೊತ್ತಿನಲ್ಲಿ ಕೇಳಿಕೊಳ್ಳುತ್ತೇನೆ. ಅದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಹಸಿದು ಕುಳಿತವರ ಮುಂದೆ ಉಂಡು ಬಂದವರು ನಿಂತು ನೀತಿ ಹೇಳುತ್ತೇವಲ್ಲ, ಆ ಅಧಿಕಾರ ನಮಗೆ ಎಲ್ಲಿಂದ ಬಂತು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ್ದು 1996ರಲ್ಲಿ, ರಾಯಚೂರು ಜಿಲ್ಲೆಯ ಲಿಂಗಸೂಗೂರು ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಕಾಲುವೆಯ ನೀರು ಕಾಣದ ಒಣಬೇಸಾಯದ ಊರು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಕಾವಲಿಗೆ ಬಿಟ್ಟು ಜನ ಗುಳೆ ಹೋಗುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಮೂರು ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದರು. ಕೆಲವರ ಚೀಲದಲ್ಲಿ ಬುತ್ತಿ ಇರುತ್ತಿತ್ತು: ಎರಡು ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿಯೋ ಪುಂಡಿಪಲ್ಯವೋ. ಕೆಲವರ ಚೀಲದಲ್ಲಿ ಪುಸ್ತಕ ಮಾತ್ರ. ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಇದ್ದವರು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಇಲ್ಲದವರು ಬೋರ್‌ವೆಲ್ಲಿನ ನೀರು ಕುಡಿದು ದೂರದಲ್ಲಿ ಆಡುತ್ತಿದ್ದರು. ಆ ಮಕ್ಕಳಿಗೆ ಆಟದ ಹುಚ್ಚು ಹೆಚ್ಚೆಂದೇ ನಾನು ತಿಳಿದಿದ್ದೆ. ಹಾಗೆ ತಿಳಿಯಲು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ಹೊತ್ತು ಉಂಡು ಬೆಳೆದವಳ ಕಣ್ಣಿಗೆ ಅದು ಆಟವಾಗಿಯೇ ಕಂಡಿತು.

ಎರಡನೆಯ ವರ್ಷ ಇರಬೇಕು, ಎಂಟನೆಯ ತರಗತಿಯಲ್ಲಿ ಒಬ್ಬಳ ಬುತ್ತಿ ಕಳುವಾಯಿತು. ವಿಚಾರಿಸಿದಾಗ ಅದೇ ತರಗತಿಯ ಇನ್ನೊಬ್ಬ ಹುಡುಗಿ ತಲೆ ತಗ್ಗಿಸಿದಳು. ಹೆಸರು ಇಲ್ಲಿ ಬೇಡ. ಓದಿನಲ್ಲಿ ಜಾಣೆ, ಕೈಬರಹ ಅಚ್ಚು ಹಾಕಿದಂತೆ. ಅಂಥವಳು ಹೀಗೆ ಮಾಡಿದಳಲ್ಲ ಎಂದು ನನಗೆ ನಿಜಕ್ಕೂ ನೋವಾಯಿತು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಸಾಲಿನಿಂದ ಹೊರಗೆ ಕರೆದು ಎಲ್ಲರ ಮುಂದೆ ನಿಲ್ಲಿಸಿದೆ. ಕರಿಹಲಗೆಯ ಮೇಲೆ ‘ಕದ್ದು ತಿಂದ ಅನ್ನ ಮೈಗೆ ಹತ್ತದು’ ಎಂದು ಬರೆಸಿದ್ದೆ. ಹತ್ತು ನಿಮಿಷ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದೆ. ಮಾತು ಚೆನ್ನಾಗಿ ಬಂತು ಎಂದು ಸಹೋದ್ಯೋಗಿಗಳು ಮೆಚ್ಚಿದರು. ಹೇಳಲು ನಾಚಿಕೆಯಾಗುತ್ತದೆ, ನನಗೂ ಹಾಗೆಯೇ ಅನ್ನಿಸಿತ್ತು.

ಅದರ ಮಾರನೆಯ ದಿನ ಅವಳ ತಾಯಿ ಬಂದಳು. ಜಗಳಕ್ಕೆ ಬಂದಳೇನೋ ಎಂದು ನಾನು ಗಟ್ಟಿಯಾಗಿ ಕೂತೆ. ಆಕೆ ಸೆರಗಿನ ಒಳಗಿನಿಂದ ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ ತೆಗೆದು, ಬುತ್ತಿ ಕಳಕೊಂಡ ಹುಡುಗಿಯನ್ನು ಕರೆಸಿ ಅವಳ ಕೈಗೆ ಕೊಟ್ಟಳು. ಆ ರೊಟ್ಟಿಯ ಹಿಟ್ಟನ್ನು ಆಕೆ ಯಾರ ಮನೆಯಿಂದ ಸಾಲ ತಂದಳೋ ನಾನು ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕೋರ, ತಪ್ಪು ಮಾಡ್ಯಾಳ, ಬೈರಿ, ಹೊಡೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬಯ್ಯೂಕಿಂತ ಮೊದಲ, ‘ಉಂಡು ಬಂದೀಯೇನವ್ವಾ’ ಅಂತ ಒಂದು ಮಾತು ಕೇಳಬೇಕಾಗಿತ್ತರಿ” ಎಂದಳು. ದನಿ ಏರಿಸಲಿಲ್ಲ. ಕೈಮುಗಿದು ಹೊರಟುಹೋದಳು. ಆ ಹಿಂಗಾರು ಕೈಕೊಟ್ಟಿತು. ದೀಪಾವಳಿ ಕಳೆದ ಮೇಲೆ ಆ ಸಂಸಾರ ಗುಳೆ ಹೋಯಿತು. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಬಡತನದಿಂದ ಬಿಟ್ಟಳೋ ನನ್ನ ಹತ್ತು ನಿಮಿಷದ ಭಾಷಣದಿಂದ ಬಿಟ್ಟಳೋ ನನಗೆ ಈವತ್ತಿಗೂ ತಿಳಿಯದು.

ಆ ತಾಯಿಯ ಮಾತನ್ನು ಸರಿಯಾಗಿ ಗಮನಿಸಬೇಕು. ಹಸಿದವರು ಕದ್ದರೆ ತಪ್ಪಿಲ್ಲ ಎಂದು ಆಕೆ ಹೇಳಲಿಲ್ಲ. ತಪ್ಪನ್ನು ತಪ್ಪೆಂದಳು, ಎರಡು ರೊಟ್ಟಿಯ ಋಣವನ್ನು ಎರಡು ರೊಟ್ಟಿಯಿಂದಲೇ ತೀರಿಸಿದಳು. ಬಡವರಿಗೆ ಅನ್ನ ಸಿಕ್ಕರೆ ಸಾಕು, ನೀತಿ ಗೀತಿ ಆಮೇಲಿನದು ಎನ್ನುವ ವಾದವನ್ನು ನಾನು ದೊಡ್ಡ ಸಭೆಗಳಲ್ಲಿ ಕೇಳಿದ್ದೇನೆ. ಅದರಲ್ಲಿ ಕರುಣೆ ಇದ್ದಂತೆ ಕಂಡರೂ ಒಂದು ಅವಮಾನ ಅಡಗಿದೆ. ಬಡವರಿಗೆ ಧರ್ಮಪ್ರಜ್ಞೆಯೆಂಬುದು ಇಲ್ಲ, ಹೊಟ್ಟೆ ತುಂಬಿದ ಮೇಲೆ ನಾವು ಅದನ್ನು ತುಂಬಬೇಕು ಎಂದಂತೆ. ನಾನು ಕಂಡದ್ದು ಬೇರೆ. ನೀತಿ ಅವರಲ್ಲಿ ಇತ್ತು. ಅದನ್ನು ಕಾಣದ ಕಣ್ಣು ನನ್ನದಾಗಿತ್ತು.

ಇದಾದ ಮೇಲೆ ನಮ್ಮ ಗಾದೆಗಳು ಕೂಡ ನನಗೆ ಬೇರೆ ಥರ ಕೇಳಿಸತೊಡಗಿದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆ ಗಿಡ್ಡವಾದದ್ದು ಏಕೆ ಎಂದು ಕೇಳುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂದು ನಗುತ್ತೇವೆ. ಹಸಿದವಳಿಗೂ ಹೂ ಮುಡಿಯುವ ಆಸೆ ಇರಬಾರದೆ? ಬಡವನ ಕೋಪ ದವಡೆಗೆ ಮೂಲ ಎಂದು ತಾಳ್ಮೆ ಕಲಿಸುತ್ತೇವೆ. ಅದು ಬುದ್ಧಿವಾದವೋ ಬೆದರಿಕೆಯೋ ಒಮ್ಮೆ ಯೋಚಿಸಿ. ತೃಪ್ತಿ, ತಾಳ್ಮೆ, ಮಿತವ್ಯಯ ಇವು ಮೂರೂ ಒಳ್ಳೆಯ ಗುಣಗಳೇ. ಆದರೆ ಇವನ್ನು ನಾವು ಹೆಚ್ಚಾಗಿ ಬೋಧಿಸುವುದು ಬೇರೆ ದಾರಿಯೇ ಇಲ್ಲದೆ ದಿನವೂ ಅವನ್ನು ಪಾಲಿಸುತ್ತಿರುವವರಿಗೆ. ಅವುಗಳ ಅಗತ್ಯ ನಿಜವಾಗಿ ಯಾರಿಗಿದೆಯೋ ಅವರ ಮನೆಯ ಬಾಗಿಲಿಗೆ ನಮ್ಮ ಕರಿಹಲಗೆ ಹೋಗುವುದೇ ಇಲ್ಲ. ನಮ್ಮಂಥವರನ್ನು ಕುರಿತು ಹೇಳಿದ ಗಾದೆಯೂ ಒಂದಿದೆಯಲ್ಲ: ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಸ್ವಾಮಿ ವಿವೇಕಾನಂದರು ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾಡಿದ ಮೊದಲ ದಿನದ ಭಾಷಣವನ್ನು ನಾವು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಅದೇ ಸಮ್ಮೇಳನದಲ್ಲಿ 1893ರ ಸೆಪ್ಟೆಂಬರ್ 20ರಂದು ಅವರು ಆಡಿದ ಚಿಕ್ಕ ಮಾತು ಅಷ್ಟಾಗಿ ಯಾರಿಗೂ ನೆನಪಿಲ್ಲ. ಭಾರತಕ್ಕೆ ಬೇಕಾಗಿರುವುದು ಧರ್ಮಬೋಧನೆಯಲ್ಲ, ಅನ್ನ. ಹಸಿದು ಸಾಯುವವರಿಗೆ ಧರ್ಮ ಬೋಧಿಸುವುದು ಅವರನ್ನು ಅವಮಾನಿಸಿದಂತೆ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಅದನ್ನು ಅವರು ಹೇಳಿದ್ದು ಹೊರಗಿನಿಂದ ಬಂದ ಬೋಧಕರಿಗೆ. ಒಳಗಿನ ಬೋಧಕರಾದ ನಮಗೂ ಅದು ಸಲ್ಲುತ್ತದೆ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ.

ನಮ್ಮ ಶಾಲೆಯ ಆವರಣದಲ್ಲೇ ಪ್ರಾಥಮಿಕ ಶಾಲೆ ಇತ್ತು. ಅಲ್ಲಿನ ಹೆಡ್ ಮಾಸ್ತರರು ನಿವೃತ್ತಿಗೆ ಹತ್ತಿರವಾದ ಹಿರಿಯರು, ಮಕ್ಕಳಿಗೆ ದಿನಾ ಒಂದು ನೀತಿಕತೆ ಹೇಳದೆ ಪಾಠ ಶುರು ಮಾಡುತ್ತಿರಲಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಹಾರದ ಯೋಜನೆಯೊಂದನ್ನು ಆರಂಭಿಸಿತ್ತು. ಬಿಸಿಯೂಟವಿನ್ನೂ ಬಂದಿರಲಿಲ್ಲ; ತಿಂಗಳಿಗೆ ನೂರಕ್ಕೆ ಎಂಬತ್ತು ಹಾಜರಾತಿ ಇದ್ದ ಮಗುವಿನ ಮನೆಗೆ ಮೂರು ಕೆ.ಜಿ. ಧಾನ್ಯ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ತಾಯಂದಿರ ಜೊತೆ ಹೊಲಕ್ಕೆ ಹೋಗಿ ಹಾಜರಾತಿ ಎಂಬತ್ತಕ್ಕಿಂತ ಕೆಳಗಿಳಿಯುತ್ತಿತ್ತು. ಒಂದು ಸಂಜೆ ಹೆಡ್ ಮಾಸ್ತರರು ಹಾಜರಿ ಪುಸ್ತಕದಲ್ಲಿ ಬಾರದ ಮಕ್ಕಳಿಗೂ ಹಾಜರಿ ಹಾಕುತ್ತಿದ್ದುದನ್ನು ನಾನು ಕಂಡೆ. ಬೆಳಿಗ್ಗೆ ಹರಿಶ್ಚಂದ್ರನ ಕತೆ ಹೇಳಿದ್ದ ಕೈ ಅದು. ನನ್ನ ಮುಖ ನೋಡಿ ಅವರು, “ಅಕ್ಕೋರ, ಈ ತಿಂಗಳ ಮೂರು ಕೆ.ಜಿ. ತಪ್ಪಿತಂದ್ರ ಮುಂದಿನ ತಿಂಗಳ ಈ ಕೂಸು ಸಾಲಿಗೆ ಬರೂದಿಲ್ಲ, ಪೂರ್ತಿ ಹತ್ತಿ ಹೊಲಕ್ಕ ಹೋಗತೈತಿ. ಸಿಕ್ಕಿ ಬಿದ್ರ ನೌಕರಿ ಹೋಗೂದು ನಂದು” ಎಂದರು.

ಅವರು ಮಾಡಿದ್ದು ಸರಿಯೆಂದು ನಿಯಮ ಮಾಡಿಬಿಡಲು ನನಗೆ ಧೈರ್ಯವಿಲ್ಲ. ಏಕೆಂದರೆ ಅದೇ ವರ್ಷಗಳಲ್ಲಿ ಇನ್ನೊಂದು ಊರಲ್ಲಿ ಇಂಥದ್ದೇ ಸುಳ್ಳು ಹಾಜರಿ ಹಾಕಿ ಮಕ್ಕಳ ಅಕ್ಕಿಯನ್ನು ಅಂಗಡಿಗೆ ಮಾರಿಕೊಂಡವರ ಸುದ್ದಿಯೂ ನಮ್ಮ ಕಿವಿಗೆ ಬಿದ್ದಿತ್ತು. ಪುಸ್ತಕದಲ್ಲಿ ಎರಡೂ ಸುಳ್ಳುಗಳು ಒಂದೇ ರೀತಿ ಕಾಣುತ್ತವೆ. ಸುಳ್ಳು ಬೇರೂರಿದ ಕಡೆ ಕಟ್ಟಕಡೆಗೆ ಹೊಟ್ಟೆ ಕಟ್ಟುವುದು ಬಡವರೇ. ಹಾಗೆಂದು ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನಸ್ಸು ಒಪ್ಪುವುದಿಲ್ಲ. ಒಬ್ಬರು ತಪ್ಪಿನ ಬೆಲೆಯನ್ನು ತಮ್ಮ ತಲೆಯ ಮೇಲೆ ಹೊತ್ತಿದ್ದರು, ಇನ್ನೊಬ್ಬರು ಅದನ್ನು ಮಕ್ಕಳ ಮೇಲೆ ಹೊರಿಸಿದ್ದರು. ನಾನು ಆ ಹುಡುಗಿಯನ್ನು ಸಾಲಿನಿಂದ ಹೊರಗೆ ನಿಲ್ಲಿಸಿದಾಗ ನನ್ನ ಸತ್ಯಸಂಧತೆಗೆ ನಾನು ಕೊಟ್ಟ ಬೆಲೆಯೇನು? ಏನೂ ಇಲ್ಲ. ಪೂರ್ತಿ ಬೆಲೆ ಕೊಟ್ಟವಳು ಅವಳು. ನೀತಿ ಹೇಳುವವರ ಮಾತಿಗೆ ತೂಕ ಬರುವುದು ಎಲ್ಲಿಂದ ಎಂಬುದು ನನಗೆ ಅಲ್ಲಿ ಸ್ವಲ್ಪ ಹೊಳೆಯಿತು.

ಪೂರ್ತಿಯಾಗಿ ಹೊಳೆದದ್ದು ಆಯ್ದಕ್ಕಿ ಲಕ್ಕಮ್ಮನ ಪಾಠ ಮಾಡುವಾಗ. ಹನ್ನೆರಡನೆಯ ಶತಮಾನದ ಆ ದಂಪತಿಗಳು ನಮ್ಮ ಲಿಂಗಸೂಗೂರು ಸೀಮೆಯ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣಕ್ಕೆ ಹೋಗಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವನ ಮಾಡುತ್ತ, ಅದರಲ್ಲೇ ದಾಸೋಹವನ್ನೂ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು ಎಂಬ ಕತೆ ಎಲ್ಲರಿಗೂ ಗೊತ್ತು. ನಾನು ಇದನ್ನು ವರ್ಷಗಟ್ಟಲೆ ‘ಅತಿಯಾಸೆ ಸಲ್ಲದು’ ಎಂಬ ನೀತಿಗೆ ಉದಾಹರಣೆಯಾಗಿ ಪಾಠ ಮಾಡಿದೆ. ಒಂದು ವರ್ಷ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ಬಸವಣ್ಣನವರ ಮನ್ಯಾಗ ಅಷ್ಟು ಅಕ್ಕಿ ಇತ್ತಲ್ಲ, ಅವರ್ಯಾಕ ಲಕ್ಕಮ್ಮಗ ಸಾಕು ಅಂತ ಹೇಳಲಿಲ್ಲ?” ಎಂದು ಕೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ.

ಆ ಹುಡುಗನ ಪ್ರಶ್ನೆಯಲ್ಲೇ ಕತೆಯ ಜೀವ ಇದೆ. ‘ಸಾಕು’ ಎಂಬ ಮಾತನ್ನು ಲಕ್ಕಮ್ಮ ತಾನಾಗಿ ಹೇಳಿದಳು, ತನ್ನ ಮನೆಗೆ, ತನ್ನ ಗಂಡನಿಗೆ. ಆದ್ದರಿಂದ ಅದು ಎಂಟು ನೂರು ವರ್ಷ ಕಳೆದರೂ ಬೆಳಗುತ್ತಿದೆ. ಅದೇ ಮಾತನ್ನು ಕಣಜದ ಯಜಮಾನನು ಅಂಗಳದಲ್ಲಿ ಅಕ್ಕಿ ಆಯುವವಳಿಗೆ ಹೇಳಿದ್ದರೆ ಅದು ನೀತಿಯಾಗುತ್ತಿರಲಿಲ್ಲ, ಜಿಪುಣತನವಾಗುತ್ತಿತ್ತು. ಮಾತು ಒಂದೇ, ಅಕ್ಷರ ಒಂದೇ. ಹೇಳುವವರು ಯಾರು, ಎಲ್ಲಿ ನಿಂತು ಹೇಳಿದರು ಎಂಬುದರಿಂದ ಅದು ಧರ್ಮವಾಗುತ್ತದೆ ಅಥವಾ ಅಧರ್ಮವಾಗುತ್ತದೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟದ್ದು ಸುಮ್ಮನೆ ಅಲ್ಲ. ದುಡಿ ಎಂದು ಹೇಳುವವನು ಹಂಚಲೂ ಬೇಕು. ನಾವು ಕಾಯಕವೆಂಬ ಅರ್ಧವನ್ನು ಬಡವರಿಗೆ ಬೋಧಿಸಿ, ದಾಸೋಹವೆಂಬ ಇನ್ನರ್ಧವನ್ನು ಜಯಂತಿಯ ಭಾಷಣಕ್ಕೆ ಉಳಿಸಿಕೊಂಡಿದ್ದೇವೆ.

ಅನ್ನ ಶಾಲೆಗೆ ಬಂದದ್ದು ಆಮೇಲೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೆ ವರ್ಷಕ್ಕೆ ಕನಿಷ್ಠ ಇನ್ನೂರು ದಿನ ಬೇಯಿಸಿದ ಊಟ ಕೊಡಬೇಕೆಂದು ಆದೇಶ ಮಾಡಿತು. 2002ರಲ್ಲಿ ನಮ್ಮ ರಾಯಚೂರು ಸೇರಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. 2007ರಲ್ಲಿ ಪ್ರೌಢಶಾಲೆಗೂ ಬಂತು. ಹೆಸರಿಟ್ಟವರು ಯಾರೋ, ದಾಸೋಹ ಎಂಬ ಮಾತನ್ನು ಸರಿಯಾದ ಜಾಗಕ್ಕೆ ತಂದರು. ನಾನು ಒಂದು ವಿಷಯವನ್ನು ದಾಖಲಿಸಲೇಬೇಕು. ಬಿಸಿಯೂಟ ಬಂದ ಮೇಲೆ ನನ್ನ ತರಗತಿಗಳಲ್ಲಿ ಬುತ್ತಿ ಕಳುವಾದ ದೂರು ಒಂದೂ ಬರಲಿಲ್ಲ. ಕದಿಯಬಾರದೆಂಬ ನನ್ನ ನೂರಾರು ವಾಕ್ಯಗಳು ಮಾಡದ ಕೆಲಸವನ್ನು ಒಂದು ತಟ್ಟೆ ಅನ್ನ ಸಾರು ಮಾಡಿತು.

ಹಾಗಾದರೆ ನೀತಿಪಾಠ ಬೇಡವೇ ಬೇಡವೆ? ಹಾಗೆಂದು ತೀರ್ಮಾನಿಸುವಷ್ಟರಲ್ಲಿ ಅದೇ ಅನ್ನದ ಸುತ್ತ ಇನ್ನೊಂದು ಸಂಗತಿ ನಡೆಯಿತು. ಅಡುಗೆಗೆ ನೇಮಕವಾದವರಲ್ಲಿ ಒಬ್ಬಾಕೆ ದಲಿತ ಹೆಣ್ಣುಮಗಳು. ಊರಿನ ಕೆಲವು ಉಳ್ಳವರ ಮನೆಯ ಮಕ್ಕಳು ತಟ್ಟೆ ಹಿಡಿಯದೆ ಗೋಡೆಗೆ ಒರಗಿ ನಿಂತರು. ಮನೆಯಲ್ಲಿ ಹೇಳಿ ಕಳಿಸಿದ್ದರಂತೆ. ಈ ಮಕ್ಕಳು ಹಸಿದವರಲ್ಲ, ಇವರ ರೋಗಕ್ಕೆ ಅನ್ನ ಮದ್ದಲ್ಲ. ನೀತಿ ಹೇಳಬೇಕಾದ ಜಾಗ ಇದು, ಹೇಳಬೇಕಾದವರು ಇವರ ಮನೆಯ ಹಿರಿಯರಿಗೆ. ಆದರೆ ಇಂಥವರ ಮುಂದೆ ನಮ್ಮ ದನಿ ಏಳುವುದಿಲ್ಲ. ಬುತ್ತಿ ಕದ್ದ ಹುಡುಗಿಯ ಮುಂದೆ ಹತ್ತು ನಿಮಿಷ ಮಾತಾಡಿದ್ದ ನಾನು, ಇವರ ಮುಂದೆ ಎರಡು ದಿನ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಶಿಕ್ಷಕರೆಲ್ಲ ಮಾತಾಡಿಕೊಂಡು ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಕೂತೆವು. ಅದೇ ಹೆಣ್ಣುಮಗಳ ಕೈಯಿಂದ ಬಡಿಸಿಕೊಂಡೆವು. ನಾನು ಮೇಲುಜಾತಿ ಎನಿಸಿಕೊಂಡ ಮನೆಯಲ್ಲಿ ಹುಟ್ಟಿದವಳು. ಮೊದಲ ತುತ್ತು ಎತ್ತುವಾಗ, ಇಷ್ಟೆಲ್ಲ ಓದಿದ ನನ್ನ ಕೈ ಕೂಡ ಒಂದು ಕ್ಷಣ ತಡೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ಒಂದು ಕ್ಷಣದಲ್ಲಿ, ಸಮಾನತೆಯ ಬಗ್ಗೆ ನಾನು ಬರೆದು ಅಳಿಸಿದ ವಾಕ್ಯಗಳು ನನ್ನೊಳಗೇ ಎಷ್ಟು ಮೇಲೆ ಮೇಲೆ ಇದ್ದವೆಂಬುದು ಗೊತ್ತಾಯಿತು. ಗೋಡೆಗೆ ಒರಗಿದ್ದವರಲ್ಲಿ ಇಬ್ಬರು ಅಂದೇ ಬಂದು ಕೂತರು, ಉಳಿದವರು ತಿಂಗಳೊಪ್ಪತ್ತಿನಲ್ಲಿ ಬಂದರು. ಒಬ್ಬ ಹುಡುಗನನ್ನು ಮನೆಯವರು ಬೇರೆ ಶಾಲೆಗೆ ಸೇರಿಸಿದರು. ಎಲ್ಲವೂ ಗೆಲುವಾಗುವುದಿಲ್ಲ.

ಈಚಿನ ವರ್ಷಗಳಲ್ಲಿ ಬೋಧನೆಯ ರೂಪ ಬದಲಾಗಿದೆ, ದಿಕ್ಕು ಬದಲಾಗಿಲ್ಲ. 2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎದ್ದ ಮೊದಲ ಮಾತು, ‘ಇನ್ನು ಜನ ಸೋಮಾರಿಗಳಾಗುತ್ತಾರೆ’ ಎಂಬುದು. ಹಾಗೆ ಹೇಳುತ್ತಿದ್ದ ನಾವು ಅದೇ ವಾರ ತುಟ್ಟಿಭತ್ಯೆಯ ಬಾಕಿ ಯಾವಾಗ ಬರುತ್ತದೆಂದು ಲೆಕ್ಕ ಹಾಕುತ್ತಿದ್ದೆವು. ತುಟ್ಟಿಭತ್ಯೆಯಿಂದ ನಾವು ಯಾರೂ ಸೋಮಾರಿಗಳಾಗಲಿಲ್ಲವಲ್ಲ, ಅಕ್ಕಿಯಿಂದ ಮಾತ್ರ ಹೇಗೆ ಆಗುತ್ತಾರೆ? ಬಿಸಿಯೂಟದ ಅಡುಗೆಯವರು ಹೊಗೆಯಲ್ಲಿ ನಿಂತು ನೂರಾರು ಮಕ್ಕಳಿಗೆ ಬೇಯಿಸಿ ಹಾಕುತ್ತಾರೆ. ಅವರಿಗೆ ಕೊಡುವುದನ್ನು ಸಂಬಳ ಎನ್ನದೆ ಗೌರವಧನ ಎನ್ನುತ್ತಾರೆ, ಅವರ ಕೆಲಸವನ್ನು ಸೇವೆ ಎನ್ನುತ್ತಾರೆ. ಕಡಿಮೆ ಕೊಡಬೇಕಾದಲ್ಲಿ ನಾವು ಹೆಚ್ಚು ಪವಿತ್ರವಾದ ಪದ ಹುಡುಕುತ್ತೇವೆ.

2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಇತ್ತು. ಆಗ ಕೊಪ್ಪಳ ಜಿಲ್ಲೆಯ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ತಮಗೆ ಮೊಟ್ಟೆ ಬೇಕೇ ಬೇಕು ಎಂದು ದಿಟ್ಟವಾಗಿ ಮಾತಾಡಿದ್ದನ್ನು ನಾಡೆಲ್ಲ ಮೊಬೈಲುಗಳಲ್ಲಿ ಕೇಳಿತು. ಸಸ್ಯಾಹಾರವೆಂಬುದು ಒಂದು ವ್ರತ. ನಾನೂ ಅದನ್ನು ಪಾಲಿಸುವವಳು. ಆದರೆ ವ್ರತ ನನ್ನ ತಟ್ಟೆಗೆ ಸಂಬಂಧಿಸಿದ್ದು. ಲಕ್ಕಮ್ಮನ ‘ಸಾಕು’ ಅವಳ ಮನೆಯದಾಗಿದ್ದಂತೆ. ಇನ್ನೊಬ್ಬರ ಮಗುವಿನ ತಟ್ಟೆಯಿಂದ ತೆಗೆಸಿದರೆ ಅದು ವ್ರತವೆನಿಸುವುದಿಲ್ಲ.

ಮಠಗಳೆಲ್ಲ ಹೀಗೆಂದು ನಾನು ಹೇಳಿದರೆ ಅದು ಕೃತಘ್ನತೆಯಾದೀತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಓದಿ ಮುಂದೆ ಬಂದಿದ್ದಾರೆ. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ತಿಳಿಸಲಾಯಿತು, ಅದು ಅವರದೇ ಇಚ್ಛೆಯಾಗಿತ್ತು ಎಂದು ಪತ್ರಿಕೆಗಳು ಬರೆದವು. ಅಂದು ಸಂಜೆ ಅದನ್ನು ಓದುವಾಗ ನನಗೆ ಆ ತಾಯಿಯ ಮಾತು ನೆನಪಾಯಿತು. ಮೊದಲು ಉಣ್ಣಲಿ, ಆಮೇಲೆ ಹೇಳೋಣ. ಅಂಥವರು ನೀತಿ ಹೇಳಿದರೆ ಕೇಳಲು ಯಾರಿಗೂ ಭಾರವೆನಿಸುವುದಿಲ್ಲ.

ಈಗಲೂ ನಾನು ಕರಿಹಲಗೆಯ ಮೇಲೆ ನೀತಿವಾಕ್ಯ ಬರೆಯುತ್ತೇನೆ. ಬಿಟ್ಟಿಲ್ಲ, ಬಿಡಬೇಕೆಂದೂ ಅನ್ನಿಸಿಲ್ಲ. ಬಡವರ ಮಕ್ಕಳಿಗೂ ಒಳ್ಳೆಯ ಮಾತು ಕೇಳುವ ಹಕ್ಕಿದೆ. ಅನ್ನ ಕೊಟ್ಟು ಮಾತು ಕೊಡದಿದ್ದರೆ ಅದೂ ಒಂದು ಬಗೆಯ ಬಡತನವೇ. ಬದಲಾಗಿರುವುದು ಎರಡು ಸಂಗತಿ. ಹಲಗೆಗೆ ಬರೆಯುವ ಮೊದಲು, ಈ ಮಾತು ಯಾರಿಗೆ, ಮಕ್ಕಳಿಗೋ ಸ್ಟಾಫ್ ರೂಮಿಗೋ ಎಂದು ಕೇಳಿಕೊಳ್ಳುತ್ತೇನೆ. ಸ್ಟಾಫ್ ರೂಮಿಗೆ ಎನ್ನಿಸಿದರೆ ಅದನ್ನು ಅಲ್ಲಿಯೇ ಹೇಳುತ್ತೇನೆ. ಇದರಿಂದ ನನಗೆ ಗೆಳೆಯರು ಸ್ವಲ್ಪ ಕಡಿಮೆಯಾಗಿದ್ದಾರೆ.

ಎರಡನೆಯದು ಸಣ್ಣದು. ನಮ್ಮ ಕಡೆ ದಾರಿಯಲ್ಲಿ ಯಾರು ಸಿಕ್ಕರೂ ‘ಊಟ ಆತೇನ್ರಿ’ ಎಂದು ಕೇಳುವ ರೂಢಿಯಿದೆ. ಕೇಳುತ್ತೇವೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತೇವೆ. ಬಿಸಿಯೂಟ ಮಧ್ಯಾಹ್ನದ್ದು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರುವ ಮಕ್ಕಳು ಈಗಲೂ ಇದ್ದಾರೆ. ತಪ್ಪು ಮಾಡಿದ ಮಗು ನನ್ನ ಮೇಜಿನ ಮುಂದೆ ಬಂದು ನಿಂತಾಗ ನಾನು ಮೊದಲು ಅದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಬರುವವರೆಗೂ ಕಾಯುತ್ತೇನೆ. ಮೇಜಿನ ಡ್ರಾವರಿನಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಇಟ್ಟಿರುತ್ತೇನೆ. ಬೈಗುಳ ಆಮೇಲೆ. ಎಷ್ಟೋ ಸಲ ಬಿಸ್ಕತ್ತು ಮುಗಿಯುವಷ್ಟರಲ್ಲಿ ಬಯ್ಯಬೇಕಾದ ಮಾತೇ ಉಳಿದಿರುವುದಿಲ್ಲ.